ಬರೀ ಹಾಲು ಅಂತ ಬರೆದೆ

ಡೇರಿಯ ಲ್ಯಾಬಿನಲ್ಲಿ, ಹಾಲಿನ ಬಾಟಲಿಗಳೇ ತುಂಬಿದ ಫ್ರಿಜ್ಜಿನೊಳಗೆ ಇನ್ನೊಂದು ಬಾಟಲಿ ಇಟ್ಟು, ಅದರ ಮೇಲೆ 'ಹಾಲು' ಎಂದು ಬರೆದ ಬುದ್ಧಿವಂತೆ ಯಾರಾದರೂ ಇದ್ದರೆ ಅದು ನಾನೇ. ಒಂಬತ್ತು ವರ್ಷದಿಂದ ಅದೇ ಲ್ಯಾಬಿನಲ್ಲಿ ಕೆಲಸ. ಲೇಬಲ್ ಸರಿಯಿಲ್ಲ ಎಂದು ಎಷ್ಟು ಜನರಿಗೆ ಬೈದಿದ್ದೇನೋ. ಊರಿಗೆಲ್ಲ ಬುದ್ಧಿ ಹೇಳಿದವಳು, ನನ್ನ ಮಗಳ ಬಾಟಲಿಯ ಸರದಿ ಬಂದಾಗ ಎರಡಕ್ಷರ ನುಂಗಿಕೊಂಡೆ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಬಂದು ಅವತ್ತಿಗೆ ಒಂಬತ್ತನೇ ದಿನ. ಹನ್ನೊಂದು ಗಂಟೆಯಾಗುತ್ತಲೇ ಎದೆ ಕಲ್ಲಿನಂತಾಗುತ್ತಿತ್ತು. ಗಾಜಿನ ಸಾಮಾನು ಇಡುವ ಕೋಣೆಗೆ ಹೋಗುತ್ತಿದ್ದೆ. ಅದರ ಬಾಗಿಲಿಗೆ ಚಿಲಕವಿಲ್ಲ. ಒಂದು ಕ್ರೇಟನ್ನು ಬೋರಲು ಹಾಕಿ ಕೂತು, ಒಂದು ಕಾಲನ್ನು ಬಾಗಿಲಿಗೆ ಒತ್ತಿ ಹಿಡಿದು, ಕೈಪಂಪಿನಲ್ಲಿ ಹಾಲು ತೆಗೆಯುತ್ತಿದ್ದೆ. ಹೊರಗೆ ಯಾರದಾದರೂ ಚಪ್ಪಲಿ ಸದ್ದಾದರೆ ಸಾಕು, ಬರುತ್ತಿದ್ದ ಹಾಲೂ ನಿಂತುಹೋಗುತ್ತಿತ್ತು. ದಿನಕ್ಕೆ ಸಾವಿರಾರು ಲೀಟರಿನ ಲೆಕ್ಕ ನೋಡುವವಳಿಗೆ ನೂರು ಮಿಲಿ ತುಂಬುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಮೊದಲ ದಿನ ಬಾಟಲಿಯನ್ನು ಊಟದ ಡಬ್ಬಿಗಳ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಸಂಜೆ ನಮ್ಮ ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, ನನ್ನನ್ನು ಪಕ್ಕಕ್ಕೆ ಕರೆದರು.

"ನಂಗೇನೂ ಇಲ್ಲಮ್ಮ. ಆದ್ರೆ ಊಟದ ಫ್ರಿಜ್ಜಲ್ಲಿ ಅದೆಲ್ಲ ಯಾಕೆ ಅಂತ ಯಾರೋ ಅಂದ್ರು. ಸ್ಯಾಂಪಲ್ ಫ್ರಿಜ್ಜಲ್ಲೇ ಒಂದು ಮೂಲೇಲಿ ಇಟ್ಕೊಂಡ್ಬಿಡು."

ಅದೆಲ್ಲ! ಹಸುವಿನದು, ಎಮ್ಮೆಯದು, ಮೇಕೆಯದು ಎಂದು ಬೆಳಗ್ಗಿನಿಂದ ಸಂಜೆಯವರೆಗೆ ಹಾಲಿನ ಜಪ ಮಾಡುವ ಕಟ್ಟಡದಲ್ಲಿ ನನ್ನದಕ್ಕೆ ಮಾತ್ರ ಹೆಸರಿಲ್ಲ. ಸಿಟ್ಟು ನೆತ್ತಿಗೇರಿತು. ಆದರೂ ಬಾಯಿ ಮುಚ್ಚಿಕೊಂಡು ಬಾಟಲಿಯನ್ನು ನೀಲಿ ಚೀಲಕ್ಕೆ ಹಾಕಿ ಸ್ಯಾಂಪಲ್ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಆ ನೀಲಿ ಚೀಲವನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ನಮ್ಮ ವ್ಯಾನಿನ ಡ್ರೈವರ್ ಊಟಕ್ಕೆ ಹೋಗುವಾಗ ಅದನ್ನು ಒಯ್ದು, ನಮ್ಮ ಮನೆ ಬಾಗಿಲಲ್ಲಿ ಅತ್ತೆಯ ಕೈಗೆ ಕೊಡುತ್ತಿದ್ದ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಅದಕ್ಕೇ ಅವನಿಗೆ ಗಡಿಯಾರ ಎಂದು ಹೆಸರು.

ಮನೆಯಲ್ಲಿ ಅತ್ತೆಯದು ಬೇರೆಯೇ ಪರೀಕ್ಷೆ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಮೂಸಿ ನೋಡಿ, ಒಂದು ತೊಟ್ಟು ತನ್ನ ನಾಲಿಗೆಗೆ ಬಿಟ್ಟುಕೊಂಡ ಮೇಲೆಯೇ ಮಗುವಿಗೆ. ಅದನ್ನು ಕೇಳಿದಾಗ ನಾನು ರೇಗಿದ್ದೆ. "ನಾನು ಲ್ಯಾಬಿನವಳು ಅತ್ತೆ. ನನ್ನ ಹಾಲಿಗೇ ನೀವು ಪರೀಕ್ಷೆ ಮಾಡ್ತೀರಾ?" ಅವರು ನಕ್ಕುಬಿಟ್ಟಿದ್ದರು. ಮೊದಲೆರಡು ದಿನ ಮಗಳು ಬಾಟಲಿ ಕಂಡರೆ ಮುಖ ತಿರುಗಿಸಿ ಊರು ಒಂದು ಮಾಡಿದ್ದಳಂತೆ. ನಾನು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಮೂರನೇ ದಿನದಿಂದ ಅತ್ತೆ ದಿನಾ ಸಂಜೆ ಒಂದೇ ಮಾತು ಹೇಳತೊಡಗಿದರು: "ಪೂರ್ತಿ ಕುಡಿದ್ಲು ಕಣೇ." ಖಾಲಿ ಬಾಟಲಿ ತೊಳೆದು ಕವುಚಿ ಹಾಕಿರುತ್ತಿತ್ತು. ನನಗೆ ಹೋದ ಜೀವ ಬಂದಂತಾಗಿತ್ತು.

ಅವತ್ತು ಬೆಳಿಗ್ಗೆ ಮಗಳು ನನ್ನ ಹೆಗಲ ಮೇಲೆ ಕಕ್ಕಿದಳು, ನಾನು ಬಟ್ಟೆ ಬದಲಿಸಿ ಓಡಿದೆ, ನೀಲಿ ಚೀಲ ಬಾಟಲಿಯ ಸಮೇತ ಮನೆಯಲ್ಲೇ ಉಳಿಯಿತು. ಸರಿ, ಲ್ಯಾಬಿನ ಬಾಟಲಿಗಿಂತ ಶುದ್ಧವಾದದ್ದು ಎಲ್ಲಿದೆ ಎಂದು ಒಂದು ಹೊಸ ಸ್ಯಾಂಪಲ್ ಬಾಟಲಿಯನ್ನು ಕುದಿಸಿ, ಒಣಗಿಸಿ, ಅದಕ್ಕೇ ಹಾಲು ತುಂಬಿದೆ. ಬಿಳಿ ಪಟ್ಟಿ ಅಂಟಿಸಿ ಪೆನ್ನು ಹಿಡಿದೆ. 'ಎ' ಎಂದು ಬರೆಯಹೊರಟವಳು ನಿಲ್ಲಿಸಿದೆ. ಗಡಿಯಾರ ಓದುತ್ತಾನೆ, ಗೇಟಿನವನು ಓದುತ್ತಾನೆ. ನಾಚಿಕೆಯಾಯಿತು. 'ಹಾಲು' ಎಂದಷ್ಟೇ ಬರೆದು ಕೆಳಗಿನ ಅರೆಯಲ್ಲಿಟ್ಟೆ.

ಅಷ್ಟರಲ್ಲಿ ಟ್ಯಾಂಕರ್ ಬಂತೆಂದು ಕರೆ ಬಂತು. ಅದರ ಸ್ಯಾಂಪಲ್ ತೆಗೆಯಲು ನಾನೇ ಹೋಗಬೇಕು. ಗಡಿಯಾರನಿಗೆ ಫೋನ್ ಮಾಡಿ, "ಅಣ್ಣಾ, ಇವತ್ತು ಚೀಲ ಇಲ್ಲ. ಕೆಳಗಿನ ಅರೇಲಿ ಹಾಲು ಅಂತ ಬರೆದಿರೋ ಬಾಟ್ಲಿ ಇದೆ, ತಗೊಂಡ್ಹೋಗಿ" ಎಂದೆ. "ಆಯ್ತು ತಂಗಿ" ಎಂದ.

ನಾನು ಮರಳಿದಾಗ ಒಂದು ಗಂಟೆ ಐದು ನಿಮಿಷ. ಹನಿಯಣ್ಣ ರಿಜಿಸ್ಟರ್ ಮುಂದೆ ಕೂತಿದ್ದರು. ಲ್ಯಾಬಿನ ಹಿರಿಯ ಸಹಾಯಕ, ಮೂವತ್ತೊಂದು ವರ್ಷದ ನೌಕರಿ. ಮಧ್ಯಾಹ್ನದೊಳಗೆ ಪರೀಕ್ಷೆಯಾಗದೆ ಉಳಿದ ಪ್ರತಿ ಸ್ಯಾಂಪಲ್ಲಿಗೂ ಎರಡು ಹನಿ ಫಾರ್ಮಲಿನ್ ಹಾಕಿ, ಮುಚ್ಚಳಕ್ಕೆ ಕೆಂಪು ಚುಕ್ಕೆ ಇಡುವುದು ಅವರ ಕೆಲಸ. ಹೆಸರು ಬಂದದ್ದೂ ಹಾಗೆಯೇ. ಸತ್ತ ಕಪ್ಪೆಗಳನ್ನು ಜಾಡಿಯಲ್ಲಿ ಕೊಳೆಯದಂತೆ ಇಡುತ್ತಾರಲ್ಲ, ಅದೇ ಫಾರ್ಮಲಿನ್. ಪರೀಕ್ಷೆಯವರೆಗೆ ಹಾಲು ಕೆಡದಿರಲೆಂದು ಹಾಕುವುದು. ಆಮೇಲೆ ಆ ಹಾಲನ್ನು ಬೆಕ್ಕಿಗೂ ಹಾಕುವುದಿಲ್ಲ.

ನಾನು ರಿಜಿಸ್ಟರಿನತ್ತ ಕಣ್ಣು ಹಾಯಿಸಿದೆ. ಬೆಳಿಗ್ಗೆ ಬಂದ ಸ್ಯಾಂಪಲ್ ಇಪ್ಪತ್ತಾರು. ಬರೆದದ್ದು ಇಪ್ಪತ್ತೇಳು.

"ಇಪ್ಪತ್ತೇಳು ಯಾವುದು ಹನಿಯಣ್ಣ?"

"ಅದೇ ಕಣಮ್ಮ, ಯಾರೋ ಪುಣ್ಯಾತ್ಮರು ನಂಬರ್ ಇಲ್ದೆ ಕೆಳಗಡೆ ಇಟ್ಟಿದ್ರು. ಮೇಲೆ ಬರೀ ಹಾಲು ಅಂತ ಬರೆದಿತ್ತು. ಹಾಲಲ್ದೆ ಇಲ್ಲಿ ಇನ್ನೇನಿರತ್ತೆ ಅಂತ ನಗು ಬಂತು. ಕೆಟ್ಟುಹೋಗತ್ತಲ್ಲ ಅಂತ ಎರಡು ಹನಿ ಹಾಕ್ದೆ."

ಫ್ರಿಜ್ಜಿನ ಬಾಗಿಲು ತೆಗೆದೆ. ಕೆಳಗಿನ ಅರೆ ಖಾಲಿ.

"ಅದು ನನ್ದು," ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಹನಿಯಣ್ಣ, ಅದು ಎದೆಹಾಲು! ನನ್ನ ಮಗಳದು!"

ಬೆಳಿಗ್ಗೆ ಬರೆಯಲಾಗದ ಮಾತನ್ನು ಈಗ ಕಿರುಚಿದೆ. ಇಡೀ ಲ್ಯಾಬು ತಿರುಗಿ ನೋಡಿತು. ಹನಿಯಣ್ಣನ ಕೈಯಿಂದ ಪೆನ್ನು ಬಿತ್ತು.

ಗಡಿಯಾರನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. ಎತ್ತಲಿಲ್ಲ; ಗಾಡಿ ಓಡಿಸುವಾಗ ಅವನು ಫೋನ್ ಮುಟ್ಟುವವನಲ್ಲ. ಅತ್ತೆಗೆ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಮಗು ಎದ್ದುಬಿಡುತ್ತೆ, ಫೋನಿನ ಸದ್ದು ನಿಲ್ಲಿಸಿಡಿ ಎಂದು ಅವರಿಗೆ ತಾಕೀತು ಮಾಡಿದವಳು ನಾನೇ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದರೆ ಅವನಿಗೆ ಸಿಗ್ನಲ್ ಸಿಗುವುದಿಲ್ಲ. ಪಕ್ಕದ ಮನೆಯವರ ನಂಬರ್ ಇಟ್ಟುಕೊಂಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿದ್ದರು, ಅದೇ ನನಗೆ ಉರುಳಾಗಿತ್ತು.

"ನನ್ನ ಗಾಡಿ ಇದೆ, ಬಾ," ಎಂದರು ಹನಿಯಣ್ಣ.

ಅವರ ಹಳೆಯ ಸ್ಕೂಟರ್ ಎಂದೂ ಮೂವತ್ತು ದಾಟಿದ್ದಲ್ಲ. ಅವತ್ತು ಮುಳ್ಳು ಐವತ್ತರ ಮೇಲೆ ನಡುಗುತ್ತಿತ್ತು. ನಾನು ಹಿಂದೆ ಕೂತು ಒಂದು ಕೈಯಲ್ಲಿ ಅವರ ಅಂಗಿ ಹಿಡಿದು, ಇನ್ನೊಂದರಲ್ಲಿ ಅತ್ತೆಗೆ ಫೋನ್ ಮಾಡುತ್ತಲೇ ಇದ್ದೆ. ಕೊಳವೆ ಹಾಕಲು ರಸ್ತೆ ಅಗೆದ ಕಡೆ ಲಾರಿಯೊಂದು ಅಡ್ಡ ನಿಂತಿತ್ತು. ಹನಿಯಣ್ಣ ಕಾಲುದಾರಿಯ ಮೇಲೆ ಹತ್ತಿಸಿಯೇ ಬಿಟ್ಟರು. ಯಾರೋ ಬೈದರು.

ಆಗ ನನ್ನ ಫೋನ್ ಬಡಿದುಕೊಂಡಿತು. ಗಡಿಯಾರ.

"ಎಷ್ಟು ಸಲ ಮಾಡಿದೀಯಲ್ಲ ತಂಗಿ, ಏನಾಯ್ತು? ಬಾಟ್ಲಿ ಕೊಟ್ಟಾಯ್ತು. ಇವತ್ತು ಐದು ನಿಮಿಷ ಮುಂಚೇನೇ."

"ವಾಪಸ್ ಹೋಗಿ ಅಣ್ಣಾ! ಕುಡಿಸ್ಬೇಡಿ ಅಂತ ಹೇಳಿ!"

"ಸೇತುವೆ ದಾಟಿ ಊಟಕ್ಕೆ ಗಾಡಿ ನಿಲ್ಸಿದೀನಲ್ಲ. ತಿರುಗಿಸ್ಕೊಂಡು ಬಂದ್ರೂ ಅರ್ಧ ಗಂಟೆ…"

ಸಮಯ ಒಂದು ಹದಿನೇಳು. ಮಗಳು ಏಳುವುದು ಒಂದೂಕಾಲಿಗೆ. ಹಸಿದು ಏಳುತ್ತಾಳೆ, ಎದ್ದ ಕೂಡಲೇ ಬಾಯಿ ತೆರೆಯುತ್ತಾಳೆ. ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಎಂಬ ಗಾದೆ ಆ ಹೊತ್ತಿನಲ್ಲೇ ನೆನಪಾಗಬೇಕೇ! ತಲೆ ಕೊಡವಿದೆ, ಹೋಗಲಿಲ್ಲ. ಎಂಟು ದಿನದಿಂದ ಬಾಟಲಿ ಹಿಡಿಯಲಿ, ಒಂದು ತೊಟ್ಟೂ ಬಿಡದೆ ಕುಡಿಯಲಿ ಎಂದು ಹರಸುತ್ತಿದ್ದವಳು ಈಗ ಹಠ ಮಾಡು ಕಂದಾ, ಉಗುಳು, ಒದೆ, ಬಾಟಲಿ ಬೀಳಿಸು ಎಂದು ಬೇಡುತ್ತಿದ್ದೆ. ಹಾಲು ತಾನಾಗಿ ಉಕ್ಕಿ ಅಂಗಿ ಒದ್ದೆಯಾಗಿತ್ತು. ಮುಂದೆ ಹನಿಯಣ್ಣ ಏನೋ ಗೊಣಗುತ್ತಿದ್ದರು. ಕಿವಿಗೊಟ್ಟೆ. "ಕೇಳ್ಬೇಕಿತ್ತು, ಕೇಳ್ಬೇಕಿತ್ತು" ಎನ್ನುತ್ತಿದ್ದರು.

ಮೂರನೇ ಮಹಡಿಯ ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಅತ್ತೆ ಬಾಗಿಲು ತೆಗೆದರು, ತುಟಿಯ ಮೇಲೆ ಬೆರಳಿಟ್ಟು. ಅವರ ಹಿಂದೆ ಮೇಜಿನ ಮೇಲೆ ಬಾಟಲಿ. ಮುಚ್ಚಳದ ಮೇಲೆ ಕೆಂಪು ಚುಕ್ಕೆ. ಒಳಗೆ ಖಾಲಿ.

"ಕುಡಿದ್ಲಾ?"

"ಕುಡಿದ್ಲು ಕಣೇ, ಪೂರ್ತಿ. ಈಗ ತಾನೇ ಮಲಗಿದ್ಲು. ನೀನ್ಯಾಕೆ ಇಷ್ಟು ಹೊತ್ತಿಗೆ…"

ಒಳಗೆ ಓಡಿ ಮಗುವನ್ನು ಎತ್ತಿಕೊಂಡೆ. ಅದು ಬೆಚ್ಚಿ ಅತ್ತಿತು. "ಆಸ್ಪತ್ರೆ, ಹನಿಯಣ್ಣ, ಗಾಡಿ ತಿರುಗಿಸಿ," ಎಂದು ಕೂಗಿದೆ. "ಹಾಲಲ್ಲಿ ವಿಷ ಬಿದ್ದಿದೆ ಅತ್ತೆ!"

ಅತ್ತೆ ಬಾಗಿಲಿಗೆ ಅಡ್ಡ ನಿಂತು ನನ್ನ ಎರಡೂ ತೋಳು ಹಿಡಿದರು.

"ಇಲ್ಲ ಕಣೇ! ಕುಡಿದಿಲ್ಲ! ಸುಳ್ಳು ಹೇಳ್ದೆ!"

"ಯಾವುದು ಸುಳ್ಳು? ಆಗ ಹೇಳಿದ್ದಾ, ಈಗ ಹೇಳಿದ್ದಾ?"

"ಆಗ ಹೇಳಿದ್ದು. ಬೆಚ್ಚಗೆ ಮಾಡ್ದಾಗ ಮೂಗಿಗೆ ಏನೋ ಹೊಡೀತು. ನಾಲಿಗೆಗೆ ಬಿಟ್ಕೊಂಡೆ, ಚುರ್ ಅಂತು. ಸಿಂಕಿಗೆ ಸುರಿದ್ಬಿಟ್ಟೆ. ಅವಳಿಗೆ ಒಂದು ತೊಟ್ಟೂ ಕೊಟ್ಟಿಲ್ಲ, ಬರೀ ತಟ್ಟಿ ಮಲಗಿಸ್ದೆ, ನನ್ನಾಣೆ."

ನಂಬುವುದು ಹೇಗೆ? ಒಂದೇ ಬಾಯಿ, ಎರಡು ಮಾತು. ಮಗಳ ಬಾಯಿಗೆ ಮೂಗು ಹಚ್ಚಿದೆ. ಬರೀ ಮಗುವಿನ ವಾಸನೆ. ಅವಳನ್ನು ಎತ್ತಿಕೊಂಡೇ ಅಡುಗೆಮನೆಗೆ ಓಡಿ ಸಿಂಕಿಗೆ ಬಗ್ಗಿದೆ. ಬಂತು: ಮೂಗಿನ ಹೊಳ್ಳೆ ಸುಡುವ ಆ ಘಾಟು. ಒಂಬತ್ತು ವರ್ಷ ಆ ವಾಸನೆಗೆ ಶಾಪ ಹಾಕಿದ್ದೇನೆ. ಅವತ್ತು ಅಲ್ಲೇ ಬಗ್ಗಿ ನಿಂತು ಅದನ್ನು ಎರಡು ಸಲ ಎಳೆದುಕೊಂಡೆ.

ಆಮೇಲೆ ನೆಲದ ಮೇಲೆ ಕುಸಿದು ಕೂತೆ. ಅತ್ತೆಗೆ ಬಾಯಿ ಮುಕ್ಕಳಿಸಲು ಹೇಳಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ನಾಲಿಗೆಗೆ ಸೋಕಿದ ಒಂದು ತೊಟ್ಟಿಗೆ ಭಯವಿಲ್ಲ, ನೀರು ಕುಡಿಸಿ, ಏನಾದರೂ ಆದರೆ ಕರೆತನ್ನಿ ಎಂದರು. ಮಗಳು ಅಳುತ್ತಲೇ ಇದ್ದಳು. ಅಂಗಿಯ ಗುಂಡಿ ತೆಗೆದು ಎದೆಗೆ ಹಚ್ಚಿಕೊಂಡೆ. ನನ್ನ ಹಿಂದೆಯೇ ಹತ್ತಿ ಬಂದು ಬಾಗಿಲ ಬಳಿ ನಿಂತಿದ್ದ ಹನಿಯಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು.

"ಯಾಕೆ ಸುಳ್ಳು ಹೇಳಿದ್ರಿ ಅತ್ತೆ?"

"ಅಷ್ಟು ಕಷ್ಟಪಟ್ಟು ತೆಗೀತೀಯ. ನಿನ್ನ ಹಾಲು ಕೆಟ್ಟಿತ್ತು, ಚೆಲ್ಲಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮಗಳನ್ನು ಇನ್ನೊಂದು ಎದೆಗೆ ಬದಲಿಸಿಕೊಂಡೆ.

"ನಿನ್ನೆ ಎಷ್ಟು ಕುಡಿದ್ಲು?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಮೂರು ಚಮಚ. ಬಾಟ್ಲಿ ಬಾಯಿಗೇ ಇಟ್ಕೊಳಲ್ಲ. ಚಮಚದಲ್ಲಿ ಹಾಕ್ತೀನಿ."

"ಮೊನ್ನೆ?"

"ಎರಡು. ಮಿಕ್ಕಿದ್ದು ಚೆಲ್ಲಿ ಬಾಟ್ಲಿ ತೊಳೆದಿಡ್ತಿದ್ದೆ. ಪೂರ್ತಿ ಕುಡಿದ್ಲು ಅಂದ ದಿನ ನಿನ್ನ ಮುಖ ನೋಡಿದ್ನಲ್ಲ, ಆಮೇಲೆ ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ."

ಸಂಜೆ ನಾನು ಬಂದ ಕೂಡಲೇ ಮಗಳು ಯಾಕೆ ಹಾಗೆ ಮೇಲೆ ಬೀಳುತ್ತಿದ್ದಳು, ರಾತ್ರಿಯಿಡೀ ಯಾಕೆ ಬಿಡುತ್ತಿರಲಿಲ್ಲ ಎಂದು ಆಗ ತಿಳಿಯಿತು. ಹಗಲಿಡೀ ಅರೆಹೊಟ್ಟೆ ನನ್ನ ಕೂಸು. ನಾನು ಅತ್ತೆಗೆ ಬೈಯಬೇಕೆಂದು ಬಾಯಿ ತೆರೆದೆ. ಮೇಜಿನ ಮೇಲಿನ ಬಾಟಲಿ ಕಣ್ಣಿಗೆ ಬಿತ್ತು. ನನ್ನ ಕೈಬರಹದಲ್ಲೇ, ಗುಂಡಗೆ, 'ಹಾಲು'. ಮರ್ಯಾದೆಗೆ ಅಂಜಿ ನಾನು ಅರ್ಧ ಬರೆದೆ; ನನ್ನ ಮನಸ್ಸಿಗೆ ಅಂಜಿ ಅವರು ಪೂರ್ತಿ ಎಂದರು. ಯಾರಿಗೆ ಯಾರು ಬೈಯುವುದು?

"ನಾಳೆಯಿಂದ ನಿಜ ಹೇಳಿ ಅತ್ತೆ. ಒಂದು ಚಮಚವಾದ್ರೂ ಸರಿ," ಎಂದೆ. "ಮೂಸಿ ನೋಡೋದನ್ನೂ ಬಿಡ್ಬೇಡಿ."

ಮರುದಿನ ಹನಿಯಣ್ಣ ನನಗಿಂತ ಮುಂಚೆ ಬಂದಿದ್ದರು. ಗಾಜಿನ ಕೋಣೆಯ ಬಾಗಿಲಿಗೆ ಹೊಸ ಚಿಲಕ ಕೂತಿತ್ತು, ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹಾಲು ತೆಗೆದ ಮೇಲೆ ಬಾಟಲಿಗೆ ಅಗಲವಾದ ಪಟ್ಟಿ ಅಂಟಿಸಿ, ದಪ್ಪ ಪೆನ್ನಿನಲ್ಲಿ 'ಎದೆಹಾಲು' ಎಂದು ಬರೆದೆ. ಎಲ್ಲರೆದುರೇ ನಡೆದು ಹೋಗಿ ಊಟದ ಫ್ರಿಜ್ಜಿನಲ್ಲಿ, ದೊಡ್ಡ ಮೇಡಂ ಡಬ್ಬಿಯ ಪಕ್ಕದಲ್ಲೇ ಇಟ್ಟೆ. ಮೇಡಂ ನೋಡಿದರು, ತಮ್ಮ ಡಬ್ಬಿಯನ್ನು ಕೊಂಚ ಸರಿಸಿ ಜಾಗ ಮಾಡಿದರು.

ಒಂದು ನಲವತ್ತಕ್ಕೆ ಅತ್ತೆಯ ಫೋನ್ ಬಂತು. ಅವರ ಉಸಿರು ಏರಿಳಿಯುತ್ತಿತ್ತು.

"ನಾಲ್ಕು ಚಮಚ ಕುಡಿದ್ಲು. ಐದನೇದು ನನ್ನ ಮುಖಕ್ಕೇ ಉಗುಳಿದ್ಲು. ನಿಜ ಹೇಳ್ತಿದೀನಿ."

ನಾಲ್ಕೇ ಚಮಚ. ನಗು ಬಂತು, ಅಳುವೂ ಬಂತು. ಕೆಲಸಕ್ಕೆ ಮರಳಿದ ಮೇಲೆ ನನ್ನ ಮಗಳು ಎಷ್ಟು ಕುಡಿದಳೆಂದು ಅವತ್ತಿನದು ಅವತ್ತೇ ನನಗೆ ಸರಿಯಾಗಿ ತಿಳಿದದ್ದು ಅದೇ ಮೊದಲು.