ಹಳಿಯಾಳ ಕ್ಯಾಂಪಿನ ಚಿತ್ರ

ಟ್ರಂಕಿನ ಕೊಂಡಿ ಜಂಗು ಹಿಡಿದಿತ್ತು. ಶಂಕ್ರಪ್ಪ ಅದಕ್ಕೆ ಚಿಮಣಿ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ ಮೇಲೆ ಸಡಿಲಾಯಿತು. ಮುಚ್ಚಳ ತೆರೆದೊಡನೆ ಹಳೆಯ ಕಾಗದ, ಬಣ್ಣದ ಪುಡಿ, ಸರೇಸಿನ ಅಂಟಿನ ವಾಸನೆ ಒಟ್ಟಿಗೇ ಎದ್ದು ಬಂತು. ಯಲ್ಲವ್ವ ಕಣ್ಣು ಮುಚ್ಚಿದಳು. ಅಪ್ಪ ನಾಟಕದ ಕ್ಯಾಂಪಿನಿಂದ ಮನೆಗೆ ಬಂದ ದಿನ ಅವನ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ.

"ಅವ್ವ ಬರೂದ್ರಾಗ ನೋಡಿ ಮುಗಿಸೂಣ್ರಿ," ಎಂದಳು.

"ಅತ್ತಿನೇ ತಗೀರಿ ಅಂದಾರಲ್ಲ. ಯಾಕ ಅಂಜತಿ?"

ಯಲ್ಲವ್ವ ಎದ್ದು ಹಿತ್ತಲ ಬಾಗಿಲು ಮುಂದಕ್ಕೆಳೆದು ಬಂದಳು. ಅವಳ ತಾಯಿ ಸತ್ತೆವ್ವ ಹಿಂದಿನ ಸಾಲಿನ ಕೆಂಚವ್ವನ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದಳು.

ಶಂಕ್ರಪ್ಪನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಧಾರವಾಡದ ಕಡೆಯಿಂದ ಬಂದ ಹೊಸತರಲ್ಲಿ ತಗಡಿನ ಚಪ್ಪರದಲ್ಲಿ ಸಂಸಾರ ಹೂಡಿದ್ದವನಿಗೆ ಈ ವರ್ಷ ಕ್ವಾರ್ಟರ್ಸು ಸಿಕ್ಕಿತ್ತು. ಸುಣ್ಣ ಬಳಿದ ಬೆಳ್ಳನೆಯ ಗೋಡೆಗಳು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಅಂಗಡಿಯವರು ಕೊಟ್ಟ ದೇವರ ಕ್ಯಾಲೆಂಡರುಗಳು ತೂಗುತ್ತಿದ್ದವು. ಶಂಕ್ರಪ್ಪನಿಗೆ ಮಾತ್ರ ಇನ್ಯಾರ ಮನೆಯಲ್ಲೂ ಇಲ್ಲದ್ದೇನಾದರೂ ತನ್ನ ಗೋಡೆಯ ಮೇಲಿರಬೇಕೆಂಬ ಆಸೆ. ಮಾವ ಗೂಳಪ್ಪ ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ ಮೇಲೆ ಸತ್ತೆವ್ವ ಧಾರವಾಡದ ಬಾಡಿಗೆ ಮನೆ ಬಿಟ್ಟು ಮಗಳ ಮನೆಗೆ ಬರುವಾಗ ತಂದದ್ದು ಇದೊಂದೇ ಟ್ರಂಕು. ಮಂಚದ ಕೆಳಗೆ ತಳ್ಳಿದವಳು ಮತ್ತೆ ಮುಟ್ಟಿರಲಿಲ್ಲ. ಅಳಿಯ ಸಂಕೋಚದಿಂದಲೇ ಕೇಳಿದಾಗ, "ಯಾವ್ದು ಮನಸಿಗೆ ಬರತೈತಿ ಅದನ್ನ ತಗೋರಿ," ಎಂದು ಎದ್ದು ಹೋಗಿದ್ದಳು.

ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ, ಮೂಲೆಗಳಿಗೆ ತಂಬಿಗೆ, ಒಳಕಲ್ಲಿನ ಗುಂಡು, ಚಪ್ಪಲಿ ಹೇರಿ ನೆಲದ ಮೇಲೆ ಹರಡಿದರು. ಪರದೆ ಬರೆಯುವ ಮೊದಲು ಕಾಗದದ ಮೇಲೆ ತೆಗೆದ ಚಿತ್ರಗಳು ಅವು. ಎಲ್ಲದರ ಮೇಲೂ ಪೆನ್ಸಿಲಿನ ತೆಳುವಾದ ಚೌಕಗಳು. ಆ ಚೌಕಗಳನ್ನು ಹಿಡಿದು ಅಂಗೈಯಷ್ಟರ ಅರಮನೆಯನ್ನು ರಂಗದ ಉದ್ದಕ್ಕೂ ಬೆಳೆಸುತ್ತಿದ್ದ ಗೂಳಪ್ಪ. ದರ್ಬಾರಿನ ಕಂಬಗಳು ಸಾಲಾಗಿ ಒಳಗೊಳಗೆ ಸರಿದು ಹೋಗಿದ್ದವು. ಅರಣ್ಯದ ಸೀನಿನಲ್ಲಿ ಬಿದಿರ ಮೆಳೆಯ ನಡುವೆ ಒಂದು ಹಳ್ಳ. ಎಲ್ಲಕ್ಕಿಂತ ಕೆಳಗೆ, ಚಹಾದ ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಮುರಿಯುವಂಥ ಹಾಳೆಯ ಮೇಲೆ ಒಂದು ರಾಜಬೀದಿಯಿತ್ತು.

"ಇದು ಅಪ್ಪನ ಕೈ ಅಲ್ಲ," ಎಂದಳು ಯಲ್ಲವ್ವ. "ಅವರ ಗುರುಗಳದು. ಅಪ್ಪ ಸಣ್ಣಾಂವ ಇದ್ದಾಗಲೇ ಇದು ಹಳೇದಿತ್ತಂತ."

"ಹಂಗಾರ ಇದು ಒಂದು. ದರ್ಬಾರ ಬಾಗಲದ ಎದುರಿಗೆ. ಅರಣ್ಯ ಮಲಗೂ ಖೋಲಿಗೆ," ಎಂದು ಶಂಕ್ರಪ್ಪ ಎದ್ದು ಗೋಡೆಗಳನ್ನು ಗೇಣಿನಿಂದ ಅಳೆಯತೊಡಗಿದ. ಅವನ ಮುಖ ಜಾತ್ರೆಗೆ ಹೊರಟ ಹುಡುಗನದಾಗಿತ್ತು. "ಬಡಗಿ ಮಾನ್ವೆಲ್‌ಗೆ ಈಗ ಹೇಳಿ ಬರ್ತೇನಿ. ಅವನ ಕಡೆ ಸಾಗವಾನಿ ತುಂಡು ಇರ್ತಾವ. ಕಟ್ಟು ಚಲೋ ಹಾಕ್ತಾನ."

ಅವನು ಹೋದ ಮೇಲೆ ಯಲ್ಲವ್ವ ಉಳಿದ ಹಾಳೆಗಳನ್ನು ಸುತ್ತಿಡಲು ಕುಳಿತಳು. ಅರಣ್ಯದ ಸೀನಿಗೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಹಾಳೆ ಕೈಗೆ ಬಂತು. ಅದರ ಮೇಲೆ ಚೌಕಗಳಿರಲಿಲ್ಲ. ಪೆಟ್ಟಿಗೆಯ ಮೇಲೆ ಕಾಲು ಮಡಿಚಿ ಕುಳಿತ ಹೆಂಗಸೊಬ್ಬಳು, ಬಿಚ್ಚಿದ ಕೂದಲು, ಎರಡೂ ಕೈಯಲ್ಲಿ ಬಸಿ ಹಿಡಿದು ಚಹಾ ಊದುತ್ತಿದ್ದಳು. ಕೆಳಗೆ ಅಪ್ಪನ ಅಕ್ಷರ: ಗೋದುಬಾಯಿ, ಹಳಿಯಾಳ ಕ್ಯಾಂಪ್.

ಆ ಹೆಸರನ್ನು ಅವಳು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ನಳದ ಹತ್ತಿರ ಕೇಳಿದ್ದಳು. ಕೊಡ ಹಿಡಿದು ನಿಂತ ಹೆಂಗಸರು ಅವಳನ್ನು ನೋಡಿಯೇ ಧ್ವನಿ ತಗ್ಗಿಸುತ್ತಿದ್ದರು. ಅಪ್ಪ ಮಳೆಗಾಲಕ್ಕೆ ಮಾತ್ರ ಮನೆಗೆ ಬರುತ್ತಿದ್ದ. ಉಳಿದ ದಿನಗಳೆಲ್ಲ ಕಂಪನಿಗೆ, ಕಂಪನಿಯ ನಾಯಕಿಗೆ. ಅವ್ವ ಬಾಯಿಬಿಟ್ಟು ಒಂದು ಮಾತಾಡಿದ್ದಿಲ್ಲ.

ಯಲ್ಲವ್ವ ಹಾಳೆ ಹಿಡಿದು ಅಡಿಗೆಮನೆಗೆ ಹೋದಳು. ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಅವ್ವ ಇದನ್ನು ನೋಡಬಾರದು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಒಲೆಯ ಬಾಯಿಗೆ ಹಿಡಿದಾಗ ಬಿಸಿಗೆ ಹಾಳೆಯ ಅಂಚು ಮುರುಟಿತು. ಆ ಹೆಂಗಸಿಗೆ ಬಣ್ಣವಿಲ್ಲ, ಒಡವೆಯಿಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಪ್ಪ ಆ ಕಪ್ಪನ್ನು ಎಷ್ಟು ಮೆಲ್ಲಗೆ ಬೆರಳಿನಿಂದ ಸವರಿದ್ದನೆಂದರೆ ಗೆರೆಯೇ ಕಾಣುತ್ತಿರಲಿಲ್ಲ. ಸುಡಲು ಕೈ ಬರಲಿಲ್ಲ.

ಹಿತ್ತಲ ಬಾಗಿಲು ಸದ್ದಾಯಿತು. ಯಲ್ಲವ್ವ ಚಿತ್ರವನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದಳು.

ಸತ್ತೆವ್ವ ಕೈಕಾಲು ತೊಳೆದು ಒಳಗೆ ಬಂದು, ಹರಡಿದ ಚಿತ್ರಗಳ ನಡುವೆ ಸೀರೆ ಮುದುರಿಕೊಂಡು ಕುಳಿತಳು. ದರ್ಬಾರನ್ನು ನೋಡಿದಳು, ರಾಜಬೀದಿಯನ್ನು ನೋಡಿದಳು. ಅರಣ್ಯದ ಸೀನನ್ನು ಎತ್ತಿ ಅದರ ಅಡಿ ನೋಡಿದಳು.

"ಗೋದುಬಾಯಿದು ಎಲ್ಲೈತಿ?"

ಯಲ್ಲವ್ವ ಅಡಿಗೆಮನೆಯ ಕಡೆ ನೋಡಿದಳು.

"ಇದರ ಕೂಡನ ಇತ್ತು. ಸುಟ್ಟಿಯೇನು ಮತ್ತ?"

"ಇಲ್ಲವ್ವಾ," ಎಂದು ಯಲ್ಲವ್ವ ಎದ್ದು ಹೋಗಿ ತಂದುಕೊಟ್ಟಳು. ಮುರುಟಿದ ಅಂಚನ್ನು ಸತ್ತೆವ್ವ ಹೆಬ್ಬೆರಳಿನಿಂದ ತೀಡಿದಳು.

"ನಿನಗ ಹಲ್ಲು ಬರೂ ಹೊತ್ತು," ಎಂದಳು. "ಹಳಿಯಾಳದಾಗ ನಿಮ್ಮಪ್ಪಗ ಮುದ್ದತಿನ ಜ್ವರ ಬಂತು. ಕಂಪನಿ ಅವನ್ನ ಬಿಟ್ಟು ಮುಂದಿನ ಊರಿಗೆ ಹೋತು. ಸುದ್ದಿ ತಿಳದು ನಿನ್ನ ಬಗಲಾಗ ಕಟಗೊಂಡು ಹೋದೆ. ಅಳ್ನಾವರದಿಂದ ಚಕ್ಕಡಿ. ದಾರಿ ತುಂಬ ಆಕೀಗೆ ಏನ ಬೈಬೇಕು ಅಂತ ಜೋಡಿಸಿಕೋಂತ ಹೋದೆ. ಹೋಗಿ ನೋಡಿದ್ರ ಕಂಪನಿ ಬಿಟ್ಟು, ಪಾರ್ಟು ಬಿಟ್ಟು ಆಕಿ ಒಬ್ಬಾಕೀನ ಕುಂತಿದ್ಲು, ಗಂಜಿ ಕುಡಸಕೋಂತ. ನನ್ನ ನೋಡಿ ಚಾಪಿ ಬಿಟ್ಟು ಎದ್ಲು. 'ಕೂಡ್ರಿ ಅಕ್ಕಾರ, ಇದು ನಿಮ್ಮ ಜಾಗಾ' ಅಂದ್ಲು."

"ನೀ ಬೈದೇನು?"

"ಎಲ್ಲಿಂದ ಬೈಲಿ? ಎಲ್ಲಾ ಮರತಹೋತು. ಪಾಳಿ ಹಚ್ಚಿ ಇಬ್ರೂ ಜ್ವಾಪಾನ ಮಾಡಿದ್ವಿ. ಮೊದಲಿಗೆ ಮಾತಿಲ್ಲ. ಆಮ್ಯಾಲ ನಾ ನಿದ್ದಿ ಮಾಡಿದ್ರ ಆಕಿ ನಿನ್ನ ಆಡಸ್ತಿದ್ಲು. ಜ್ವರ ಬಿಟ್ಟ ದಿವಸ ನಿಮ್ಮಪ್ಪ ಎದ್ದು ಕುಂತು ಪೆನ್ಸಿಲ್ ಬೇಡಿದ. ಈ ಚಾ ನಾ ಮಾಡಿದ್ದು. ಇಲ್ಲಿ ನೋಡು."

ಹಾಳೆಯ ಬಲ ಅಂಚಿನಲ್ಲಿ, ಅಪೂರ್ಣವಾಗಿ ಉಳಿದ ಗೆರೆಗಳೆಂದು ಯಲ್ಲವ್ವ ಗಮನಿಸದೇ ಬಿಟ್ಟಲ್ಲಿ, ಒಂದು ಕೈ ಇತ್ತು. ಬಳೆ ತೊಟ್ಟ, ಪಾತ್ರೆ ಹಿಡಿದು ಚಹಾ ಬಗ್ಗಿಸಿ ಈಗಷ್ಟೇ ಹಿಂದೆ ಸರಿಯುತ್ತಿರುವ ಕೈ.

"ಆಮ್ಯಾಲವ್ವಾ?"

"ಆಮ್ಯಾಲ ಏನು. ಆಕಿ ಮತ್ತ ಕಂಪನಿ ಸೇರಿದ್ಲು. ನಿಮ್ಮಪ್ಪನೂ ಹೋದ. ನನಗ ಸಿಟ್ಟಿರಲಿಲ್ಲಂತ ತಿಳೀಬ್ಯಾಡ. ಇತ್ತು. ಭಾಳ ಇತ್ತು." ಸತ್ತೆವ್ವ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. "ಆದ್ರ ಆ ದಿವಸ ನಾವು ಮೂರೂ ಮಂದಿ ಹಸದು ಕೂಡಿ ಉಂಡ್ವಿ ನೋಡು, ಹಂಗ ಎಂದೂ ಉಂಡಿಲ್ಲ ನಾ."

ಮಾನ್ವೆಲ್ ಬಂದು ಅಳತೆ ತೆಗೆದುಕೊಂಡ. ಸಿದ್ದಿ ಜನರ ಊರಿನವನು. ಬಡಗಿ ಕೆಲಸಕ್ಕೆಂದು ಜೋಯಿಡಾ ಕಡೆಯಿಂದ ಬಂದಿದ್ದ. ಸಣ್ಣ ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ಯಾರು, ಬಾಯಿ? ನಿಮ್ಮ ತಂಗಿ?" ಎಂದು ಕೇಳಿದ.

"ಹೂಂ ಅನ್ರಿ," ಎಂದಳು ಸತ್ತೆವ್ವ.

ಮುಂದಿನ ವಾರ ಕಟ್ಟು ಹಾಕಿದ ಚಿತ್ರಗಳು ಬಂದವು. ದರ್ಬಾರು, ರಾಜಬೀದಿ, ಅರಣ್ಯ ಶಂಕ್ರಪ್ಪ ಅಂದುಕೊಂಡ ಜಾಗಗಳಿಗೇ ಏರಿದವು. ನಾಲ್ಕನೆಯದನ್ನು ಸತ್ತೆವ್ವ ಅಡಿಗೆಮನೆಗೆ ಒಯ್ಯಿಸಿದಳು.

"ಹೊಗಿ ಹತ್ತತೈತ್ರಿ ಅತ್ತೀ."

"ಗಾಜು ಐತೆಲ್ಲ. ಮೊಳಿ ಇನ್ನಷ್ಟು ಕೆಳಗ ಹೊಡೀರಿ."

ಶಂಕ್ರಪ್ಪ ಕೈ ಇಳಿಸಿದ.

"ಇನ್ನೂ ಕೆಳಗ."

ಕೊನೆಗೆ ಅವನು ಮಂಡಿಯೂರಿ ಕುಳಿತೇ ಮೊಳೆ ಹೊಡೆಯಬೇಕಾಯಿತು. ಸತ್ತೆವ್ವ ಒಲೆಯ ಮುಂದೆ ಕುಳಿತು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಕೊಣಮಿಗೆ ಹಲಗೆಯಿಂದ ಹಾರಿದ ಹಿಟ್ಟು ಹೊಸ ಗಾಜಿನ ಮೇಲೆ ತೆಳ್ಳಗೆ ಕುಳಿತಿತು. ಅವಳು ಪಕ್ಕಕ್ಕೆ ವಾಲಿ ಸೆರಗಿನ ತುದಿಯಿಂದ ಅದನ್ನು ಒರೆಸಿ, ಮುಂದಿನ ಉಂಡೆಯನ್ನು ಕೈಗೆತ್ತಿಕೊಂಡಳು.