ಚಿಕ್ಕಣ್ಣನ ಅಂಗಡಿಯ ಮಿದುಳು

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ ಮೇಧಾ ಮೇಡಂ ಹಿಂದೆ ನಿಂತಿದ್ದ ಕವಿತಳತ್ತ ತಿರುಗಿದರು. “ಮತ್ತೆ ಎಲ್ಲಾ ನೀಲಿ. ಸತ್ತ ಕೋಶ ಮಾತ್ರ ಈ ಬಣ್ಣ ಕುಡಿಯೋದು ಅಂತ ನಾನು ಹೇಳ್ಕೊಡಬೇಕಾ? ನೂರರಲ್ಲಿ ಎಂಬತ್ತು ಸತ್ತಿವೆ. ನಿಜ ಹೇಳಿ, ಯಾವ ಹಂತ ಹಾರಿಸ್ತಿದ್ದೀರಿ?”

“ಯಾವುದೂ ಇಲ್ಲ ಮೇಡಂ.”

“ಐದು ವಾರದಿಂದ ಇದೇ ಮಾತು. ಶನಿವಾರ ಕೊನೇ ಸಲ. ಆಮೇಲೆ ಈ ಕೆಲಸಕ್ಕೆ ಬೇರೆಯವರನ್ನ ನೋಡ್ಕೋತೀನಿ.”

ಮಂಡ್ಯದ ಆ ಪ್ರಯೋಗಾಲಯದಲ್ಲಿ ಕವಿತಳದು ಅದೊಂದೇ ಕೆಲಸ. ಕುರಿಯ ಮಿದುಳನ್ನು ಸಣ್ಣಗೆ ಹೆಚ್ಚಿ, ಕಿಣ್ವದ ದ್ರವದಲ್ಲಿ ಬೆಚ್ಚಗಿಟ್ಟು, ಪಿಪೆಟ್ಟಿನಲ್ಲಿ ಮೆಲ್ಲಗೆ ಎಳೆದು ಬಿಟ್ಟು, ಜರಡಿ ಹಿಡಿದು, ಕೊಬ್ಬು ಕಸವನ್ನೆಲ್ಲ ಬೇರ್ಪಡಿಸಿ, ಬಿಡಿಬಿಡಿ ಕೋಶಗಳನ್ನು ಜೀವಂತ ಉಳಿಸಿಕೊಡಬೇಕು. ಕೈ ಜೋರಾದರೆ ಒಡೆಯುತ್ತವೆ, ತಡವಾದರೆ ಸಾಯುತ್ತವೆ. ತನ್ನ ಕೈ ಜೋರಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅವಳ ಅನುಮಾನವೆಲ್ಲ ಮದ್ದೂರಿನ ಮಾಂಸದಂಗಡಿಯ ಚಿಕ್ಕಣ್ಣನ ಮೇಲೆ. ತನ್ನೂರು ಬೆಸಗರಹಳ್ಳಿಯಿಂದ ಬರುವಾಗ ಅವನಲ್ಲೇ ಮಿದುಳು ತೆಗೆದುಕೊಂಡು, ಐಸ್ ಪೆಟ್ಟಿಗೆಯಲ್ಲಿಟ್ಟು ಮಂಡ್ಯದ ಬಸ್ಸು ಹತ್ತುತ್ತಿದ್ದಳು. “ಈಗ್ತಾನೆ ಕುಯ್ದಿದ್ದು ಕಣಮ್ಮ” ಅನ್ನುತ್ತಿದ್ದ. ಯಾರು ಕಂಡರು? ನಿನ್ನೆಯದನ್ನೇ ಫ್ರಿಜ್ಜಿನಿಂದ ತೆಗೆದುಕೊಟ್ಟರೆ?

ಶನಿವಾರ ಹೇಳದೆ ಕೇಳದೆ ಮೊದಲ ಬಸ್ಸಿಗೇ ಬಂದು ಅಂಗಡಿಯ ಹಿಂಬದಿಗೆ ನಡೆದಳು.

“ಯಾರ್ಲಾ ಅದು?” ಕತ್ತಿ ಮಸೆಯುತ್ತಿದ್ದ ಚಿಕ್ಕಣ್ಣ ತಲೆಯೆತ್ತಿದ. “ಓಹೋ, ಲ್ಯಾಬಿನ್ ಮೇಡಮ್ಮು! ಮುಂದ್ಗಡೆ ಬಾಗ್ಲು ಇರ್ಲಿಲ್ವಾ? ಕಳ್ಳನ್ನ ಇಡ್ಯಾಕ್ ಬಂದಂಗ್ ಬಂದಿದ್ದೀಯ?”

“ಕುಯ್ಯೋದ್ನ ನೋಡ್ಬೇಕಿತ್ತು ಚಿಕ್ಕಣ್ಣ.”

“ನನ್ ಮ್ಯಾಲ್ ಅನ್ಮಾನ್ವಾ? ನೋಡ್ಕೊ ತಾಯಿ, ಕಣ್ಬುಟ್ಕೊಂಡ್ ನೋಡ್ಕೊ. ‘ವಾರ್ಕೊಂದ್ ಮಿದ್ಳು ಒಯ್ತಳಲ್ಲ, ಮಾಟಕ್ಕೇನ್ಲಾ?’ ಅಂತ ಗಿರಾಕಿಗಳೆಲ್ಲ ಕೇಳ್ತರೆ. ನಾನೇನಾರ ನಿನ್ನ ಕೇಳಿದ್ನಾ?”

ಅವಳ ಕಣ್ಣೆದುರಿಗೇ ಕುರಿ ಕುಯ್ದು, ಬುರುಡೆ ಸೀಳಿ ತೆಗೆದ ಮಿದುಳಿನಿಂದ ಇನ್ನೂ ಹಬೆ ಏಳುತ್ತಿತ್ತು. ಕವಿತ ನಾಚಿಕೆಯಿಂದ ತಲೆ ತಗ್ಗಿಸಿದಳು. ಅಷ್ಟರಲ್ಲಿ ಚಿಕ್ಕಣ್ಣನ ಹೆಂಡತಿ ಮಲ್ಲಿಗಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಹಳದಿ ನೀರಿನ ಬೇಸನ್ನಿಗೆ ಇಳಿಬಿಟ್ಟಳು. ಮೇಲೊಂದು ಹಿಡಿ ಕಲ್ಲುಪ್ಪು ಸುರಿದಳು.

“ಏನದು ಮಲ್ಲಿಗಮ್ಮ?”

“ಅರಿಸ್ನ ಉಪ್ಪು ಕಣವ್ವ. ಅರ್ದ ಗಂಟೆ ನೆನೀಲಿ, ಆಮೇಲ್ ಒಳ್ಳೆ ನೀರಲ್ಲಿ ಜಾಲ್ಸಿ ಕೊಡ್ತೀನಿ.”

“ಪ್ರತಿ ಸಲಾನೂ ಹೀಗೇ ಮಾಡ್ತಿದ್ರಾ?”

“ಮತ್ತಿನ್ನೇನು? ನೆತ್ರು ಮೆತ್ಕೊಂಡಿರಾದ್ನ ಎಣ್ಮಗಳ ಕೈಗೆ ಅಂಗೇ ಕೊಟ್ಬುಡ್ತಾರಾ?”

ಐದು ವಾರ ಕಿಣ್ವ ಬದಲಿಸಿ, ಜರಡಿ ಬದಲಿಸಿ ಪಟ್ಟ ಪಾಡೆಲ್ಲ ಆ ಬೇಸನ್ನಿನಲ್ಲಿ ಮುಳುಗಿತ್ತು. “ಉಪ್ಪಿನ ನೀರಲ್ಲಿ ಅವು ಸತ್ತೋಗ್ತವೆ ಮಲ್ಲಿಗಮ್ಮ!”

“ಕುರೀನೇ ಸತ್ತೋಯ್ತು. ಇನ್ಯಾವ್ದವ್ವ ಸಾಯಾದು?”

“ಕುರಿ ಸತ್ರೂ ಮಿದುಳಿನ ಕಣಗಳು ಒಂದಷ್ಟು ಹೊತ್ತು ಬದುಕಿರ್ತವೆ. ನನಗೆ ಅವೇ ಬೇಕು.”

ಮಲ್ಲಿಗಮ್ಮ ಗಂಡನ ಮುಖ ನೋಡಿದಳು. “ಮಾಟ್ವೇ ಇರ್ಬೇಕು ಕಣಿ” ಎಂದು ಪಿಸುಗುಟ್ಟಿದಳು. ಆಮೇಲೆ ಕುಯ್ದ ಎರಡನೇ ಕುರಿಯ ಮಿದುಳನ್ನು ತೊಳೆಯದೆ ಕೊಡುವಾಗ, ಯಾರಾದರೂ ಕಂಡಾರೆಂದು ಸೆರಗು ಮರೆ ಮಾಡಿಕೊಂಡಳು.

ಮಧ್ಯಾಹ್ನ ಮೇಧಾ ಮೇಡಂ ಬಹಳ ಹೊತ್ತು ಎಣಿಸಿದರು. “ಎಂಬತ್ತೈದು ಬದುಕಿವೆ. ಇವತ್ತೇನು ಮಾಡಿದ್ರಿ?”

“ನಾನೇನೂ ಬದಲಾಯಿಸಲಿಲ್ಲ ಮೇಡಂ. ಅಂಗಡೀಲಿ ಅರಿಶಿನ ಉಪ್ಪಿನ ನೀರಲ್ಲಿ ನೆನೆಸಿ ಕೊಡ್ತಿದ್ರು. ಇವತ್ತು ಬೇಡ ಅಂದೆ.”

ಮೇಡಂ ನಂಬಿದಂತೆ ಕಾಣಲಿಲ್ಲ. “ಗಾಜಿನ ಮೇಲೆ ಇನ್ನೊಂದು ಹನಿ ಹಾಕಿ. ನನ್ನೆದುರಿಗೇ.”

ಕವಿತ ಹಾಕಿದಳು. ಮೇಡಂ ಮತ್ತೆ ಬಗ್ಗಿದರು. ಅವರ ಕೈಯಲ್ಲಿದ್ದ ಎಣಿಕೆ ಯಂತ್ರದ ಗುಂಡಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಡುವೆ, ಕಣ್ಣು ಕೀಳದೆಯೇ, ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆಗೆ ಸರಿಸಿದರು.