ಡೊಂಬಯ್ಯ ಹೇಳಿದ ಬೂದಿಯ ಸಂಗತಿ

ಬರೆದದ್ದನ್ನು ಓದುವವರಿಗಿಂತ ಬಾಯಲ್ಲಿ ಹೇಳಿದ್ದನ್ನು ಕೇಳುವವರೇ ಹೆಚ್ಚು ಎಂಬುದು ತಿರುಮಲೇಶ್ವರ ಭಟ್ಟರಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ತೋಟದ ಕೆಲಸ ಮುಗಿಸಿ ಚಾವಡಿಯಲ್ಲಿ ಕೂತು ಚೇರಟೆ, ಮುಂಗುಸಿ, ಹಾರುವ ಓತಿ ಎಂದು ಬರೆದು ಮಂಗಳೂರಿನ ವಾರಪತ್ರಿಕೆಗೆ ಕಳಿಸುತ್ತಿದ್ದರು. ಅಚ್ಚಾದದ್ದನ್ನು ಹೆಂಡತಿ ದೇವಕಿ ಓದುತ್ತಿದ್ದಳು, ಪೋಸ್ಟಿನವ ಓದುತ್ತಿದ್ದ, ಅಲ್ಲಿಗೆ ಮುಗಿಯಿತು. ಒಮ್ಮೆ ರಾಮಕುಂಜದ ಕಡೆಯ ಒಂದು ಸಭೆಗೆ ಬರಬೇಕಾಗಿದ್ದ ಭಾಷಣಕಾರರಿಗೆ ಜ್ವರ ಬಂದು ಇವರನ್ನು ಹಿಡಿದು ನಿಲ್ಲಿಸಿದರು ನೋಡಿ, ಅಂದಿನಿಂದ ಹಿಡಿಯುವವರೇ ಇಲ್ಲದಾಯಿತು. ಭಟ್ಟರು ವೇದಿಕೆಯಲ್ಲಿ ಕಾಡುಹಂದಿಯ ಹಾಗೆ ಗುಟುರು ಹಾಕುತ್ತಿದ್ದರು, ನೀರುನಾಯಿಯ ಹಾಗೆ ಕುತ್ತಿಗೆ ನೀಡುತ್ತಿದ್ದರು. ಇಸವಿ ಐವತ್ತೆಂಟರ ಹೊತ್ತಿಗೆ ಪಂಜದಿಂದ ಪುತ್ತೂರಿನವರೆಗೆ ಯುವಕ ಸಂಘವೆಂದರೆ ವಾರ್ಷಿಕೋತ್ಸವ, ವಾರ್ಷಿಕೋತ್ಸವವೆಂದರೆ ಭಟ್ಟರ ಭಾಷಣ ಎಂಬಂತಾಗಿತ್ತು.

ಭಾಷಣಕ್ಕೆ ಹೋಗಬೇಕಾದರೆ ಕುಮಾರಧಾರೆ ದಾಟಬೇಕು. ಕಡವಿನ ದೋಣಿಯಲ್ಲಿ ದಾಟಿಸುವವನು ಡೊಂಬಯ್ಯ. ಆಚೆ ಕಡೆ ಇಳಿದು ಅರ್ಧ ಗಂಟೆ ನಡೆದರೆ ಕಡಬದ ಬಸ್ಸು. ಡೊಂಬಯ್ಯ ಬಿದಿರಿನ ಜಲ್ಲೆ ಊರುತ್ತಾ ಊರುತ್ತಾ ಮಾತಾಡುತ್ತಿದ್ದ. ಯಾವ ಮೀನು ಯಾವ ತಿಂಗಳಲ್ಲಿ ಮೇಲೇರುತ್ತದೆ, ಆಮೆ ಮೊಟ್ಟೆಯಿಟ್ಟ ಮರಳು ಹೇಗೆ ಗುರುತಾಗುತ್ತದೆ. ಭಟ್ಟರು ಚೀಲದಿಂದ ನೋಟುಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟು ಬರೆದುಕೊಳ್ಳುತ್ತಿದ್ದರು. ಅವರ ಭಾಷಣದ ಮುಕ್ಕಾಲು ಪಾಲು ದೋಣಿಯಲ್ಲಿ ಹುಟ್ಟಿದ್ದು ಎಂದರೆ ಸುಳ್ಳಲ್ಲ.

ಒಂದು ದಿನ ಮೀನಿಗೆ ನಂಜು ಹಾಕುವ ಮಾತು ಬಂತು.

"ಕಾರೆಕಾಯಿ ಜಜ್ಜಿ ನೀರಿಗೆ ಹಾಕುದು ಎಲ್ಲರಿಗೂ ಗೊತ್ತುಂಟು ಭಟ್ರೆ. ಅದಕ್ಕೆ ಸಣ್ಣ ಮೀನು ಮಾತ್ರ ಮೇಲೆ ಬರುದು. ನನ್ನ ಅಪ್ಪನಿಗೆ ಒಂದು ಬೂದಿ ಗೊತ್ತಿತ್ತು." ಡೊಂಬಯ್ಯ ಜಲ್ಲೆಯನ್ನು ಎತ್ತಿ ಹಿಡಿದು ನಿಂತ. ದೋಣಿ ತನ್ನಷ್ಟಕ್ಕೆ ತೇಲಿತು. "ಕಾಯಿಯೊಟ್ಟಿಗೆ ಆ ಬೂದಿ ಸೇರಿಸಿದರೆ ಅಡಿಯಲ್ಲಿ ಮಲಗಿದ ದೊಡ್ಡದೂ ಹೊಟ್ಟೆ ಮೇಲೆ ಮಾಡ್ತದೆ. ಒಮ್ಮೆ ಹಾಕಿ, ನೋಡಿ, ಅಪ್ಪ ಅತ್ತನಂತೆ. ಮತ್ತೆ ಹಾಕ್ಲಿಲ್ಲ. ನಾನೂ ಹಾಕ್ಲಿಲ್ಲ."

"ಯಾವ ಮರದ ಬೂದಿ?"

ಡೊಂಬಯ್ಯ ಹೇಳಿದ. ಹೇಳಿ, "ಇದು ಹೊಳೆಯಲ್ಲೇ ಇರ್ಲಿ ಆಯ್ತಾ" ಎಂದು ನಕ್ಕ. ಭಟ್ಟರೂ ನಕ್ಕರು. ಆದರೆ ಬರೆದುಕೊಂಡರು.

ಪಂಜದ ಯುವಕ ಸಂಘದಲ್ಲಿ ಅವರ ವಿಷಯ 'ಹೊಳೆಗೆ ನಂಜು ಹಾಕಬೇಡಿ' ಎಂದು. ಒಳ್ಳೆಯ ವಿಷಯವೇ. ಆದರೆ ಬೇಡ ಬೇಡ ಎಂದು ಎಷ್ಟು ಹೊತ್ತು ಹೇಳುವುದು? ಜನ ಆಕಳಿಸತೊಡಗಿದರು, ಹಿಂದಿನ ಸಾಲಿನ ಇಬ್ಬರು ವೀಳ್ಯದ ಚೀಲ ಬಿಚ್ಚಿದರು. ಆಗ ಭಟ್ಟರು ಧ್ವನಿ ತಗ್ಗಿಸಿ, "ಒಂದು ಬೂದಿಯ ಸಂಗತಿ ಉಂಟು, ಈ ಹೊಳೆಯಲ್ಲಿ ಅದು ಒಬ್ಬನಿಗೆ ಮಾತ್ರ ಗೊತ್ತು" ಎಂದರು. ಪೆಟ್ರೋಮ್ಯಾಕ್ಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಭಟ್ಟರು ಮರದ ಹೆಸರನ್ನೂ ಹೇಳಿ ಕಾಯಿ ಜಜ್ಜಿದರು, ಬೂದಿ ಬೆರೆಸಿದರು, ಎಲ್ಲವೂ ಖಾಲಿ ಕೈಯಲ್ಲಿ. ಕಡೆಗೆ ತಾವೇ ಮೀನಾಗಿ ಬಾಯಿ ತೆರೆದು ಮುಚ್ಚಿ ಸತ್ತರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಂತ ಮೇಲೆ ಸಂಘದ ಕಾರ್ಯದರ್ಶಿ ಅಚ್ಚುತ ಎದ್ದು ನಿಂತ.

"ಹೊಳೆಯ ಒಂದು ಗುಂಡಿಗೆ ಎಷ್ಟು ಬೂದಿ ಬೇಕಾದೀತು ಸಾರ್? ಅಂದಾಜಿಗೆ ಕೇಳಿದ್ದು."

ಪ್ರಶ್ನೆ ಕೇಳುವ ಸಭಿಕ ಸಿಕ್ಕಿದರೆ ಭಾಷಣಕಾರನಿಗೆ ಹಬ್ಬ. ಭಟ್ಟರು ಅಂದಾಜು ಹೇಳಿಯೇ ಬಿಟ್ಟರು.

ಹದಿನೆಂಟನೇ ದಿನಕ್ಕೆ ಕಡವಿನಿಂದ ಮೇಲಿನ ದೇವರ ಗುಂಡಿಯ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೈಯಲ್ಲಿ ಕಜ್ಜಿಯಾದವರು ಹರಕೆ ಹೇಳಿಕೊಂಡು ಅಕ್ಕಿ ಹಾಕುವ ಗುಂಡಿ ಅದು. ಅಲ್ಲಿ ಗಾಳ ಹಾಕಿದವರನ್ನು ಯಾರೂ ಕಂಡದ್ದಿಲ್ಲ. ಮೊಣಕೈಯುದ್ದದ ಮೀನುಗಳು, ಮಕ್ಕಳ ಕೈಯಿಂದ ಅಕ್ಕಿ ತಿಂದಂಥವು, ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಾ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ನಂಜು ಹಾಕಿದವರು ಬೆಳಕು ಹರಿಯುವ ಮೊದಲು ಹೊತ್ತಷ್ಟು ಹೊತ್ತು ಉಳಿದದ್ದನ್ನು ಬಿಟ್ಟು ಹೋಗಿದ್ದರು. ಕಲ್ಲಿನ ಮೇಲೆ ಬೂದಿ ಚೆಲ್ಲಿತ್ತು.

ಆ ಬೂದಿಯೇ ಡೊಂಬಯ್ಯನಿಗೆ ಮುಳುವಾಯಿತು. ಅವನ ಅಪ್ಪನ ಬೂದಿಯ ಸಂಗತಿ ಊರಿನ ಮುದುಕರಿಗೆಲ್ಲ ಗೊತ್ತಿತ್ತು. ಯಾವ ಮರದ್ದೆಂಬುದು ಮಾತ್ರ ಗೊತ್ತಿರಲಿಲ್ಲ.

ಪಟೇಲ ಬೋಜಪ್ಪ ಗೌಡರ ಜಗಲಿಯಲ್ಲಿ ಆಚೆ ದಡದವರು ಸೇರಿದರು. ಕಡವು ಊರಿನದು, ಅದನ್ನು ಯಾರು ನಡೆಸಬೇಕೆಂದು ಹೇಳುವವರು ಪಟೇಲರು. ಹೊಳೆಯ ವಿಷಯ ಬಲ್ಲವರೆಂದು ಭಟ್ಟರನ್ನೂ ಕರೆಸಿ ಮಣೆ ಹಾಕಿ ಕೂರಿಸಿದ್ದರು. ಅವರ ಪಂಜದ ಭಾಷಣಕ್ಕೆ ಆ ದಡದವರು ಯಾರೂ ಬಂದಿರಲಿಲ್ಲ, ಒಬ್ಬನ ಹೊರತು. ಅಚ್ಚುತ ಪಟೇಲರ ತಂಗಿಯ ಮಗ. ಕಂಬಕ್ಕೊರಗಿ ನಿಂತಿದ್ದ. ಭಟ್ಟರು ಅವನನ್ನು ನೋಡಿದರು. ಅವನು ಮಾಡಿನ ಹಂಚು ನೋಡಿದ.

ಬೋಜಪ್ಪ ತಂಬಿಗೆಯಲ್ಲಿ ನೀರು ತರಿಸಿ ಇರಿಸಿದರು. ದೈವದ ಹೆಸರು ಹೇಳಿ ನೀರು ಮುಟ್ಟಿದ ಮೇಲೆ ಆಡಿದ ಮಾತಿಗೆ ಎರಡಿಲ್ಲ, ಆ ಕಡೆಯ ಕ್ರಮ ಹಾಗೆ.

"ನೀನು ಹಾಕಿದ್ದಲ್ಲ ಅಂತ ನೀರು ಮುಟ್ಟಿ ಹೇಳು."

ಡೊಂಬಯ್ಯ ಮುಟ್ಟಿ ಹೇಳಿದ.

"ಬೂದಿಯ ಗುಟ್ಟು ನಿನ್ನ ಬಾಯಿಂದ ಹೊರಗೆ ಹೋಗ್ಲಿಲ್ಲ ಅಂತಲೂ ಹೇಳು."

ಡೊಂಬಯ್ಯ ತಂಬಿಗೆಯ ಹತ್ತಿರ ಕೊಂಡುಹೋದ ಕೈಯನ್ನು ಹಿಂದೆ ತೆಗೆದ. "ಹೋಗಿದೆ" ಎಂದ.

"ಯಾರ ಹತ್ತಿರ ಹೇಳಿದ್ದು ಮಾರಾಯ?"

"ಅದು ಕೇಳ್ಬೇಡಿ. ನಾನು ಹೇಳಿದ್ದು, ನನ್ನ ತಪ್ಪು."

ಅಷ್ಟು ಹೊತ್ತಿನಲ್ಲಿ ಅವನು ಒಮ್ಮೆಯಾದರೂ ಭಟ್ಟರ ಕಡೆ ನೋಡಿದ್ದರೆ ಭಟ್ಟರು ಎದ್ದು ಬಿಡುತ್ತಿದ್ದರೋ ಏನೋ. ಹಾಗೆಂದು ಅವರು ಆಮೇಲೆ ನೂರು ಸಲ ತಮಗೆ ತಾವೇ ಹೇಳಿಕೊಂಡರು. ಅವನು ನೋಡಲಿಲ್ಲ. ಸಾವಿರ ಜನರೆದುರು ತಡವರಿಸದ ನಾಲಿಗೆ ಹದಿನಾರು ಜನರೆದುರು ಅಂಗುಳಕ್ಕೆ ಅಂಟಿ ಕೂತಿತು. ಡೊಂಬಯ್ಯ ಜಲ್ಲೆಯನ್ನು ಜಗಲಿಗೆ ಒರಗಿಸಿ ಅಂಗಳ ಇಳಿದು ಹೋದ. ಮರುದಿನದಿಂದ ಕಡವು ಕಲಂದರ್ ಎಂಬವನ ಪಾಲಿಗೆ ಬಂತು.

ಮನೆಯಲ್ಲಿ ದೇವಕಿಗೆ ಎಲ್ಲ ಹೇಳಿದರು. ಅವಳು ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ ಹವ್ಯಕರ ಮನೆಮಾತಿನಲ್ಲಿ ಕೇಳಿದಳು.

"ಅಪ್ಪೋ, ನಿಜವೋ? ಅಂಬಗ ನಿಂಗೊ ಅಲ್ಲಿ ಸುಮ್ಮನೆ ಕೂದ್ದೋ?"

"ಎಂತ ಹೇಳುದು ಅಲ್ಲಿ?"

"ಅದು ಎನಗೆಂತ ಗೊಂತು. ಭಾಷಣ ಮಾಡುವವು ನಿಂಗೊ ಅಲ್ಲದೋ" ಎಂದು ಮತ್ತೆ ಕಡೆಗೋಲು ತಿರುಗಿಸಿದಳು.

ಬರೆಯಲು ಕೂತರೆ ನೋಟುಪುಸ್ತಕದ ಪ್ರತಿ ಹಾಳೆಯಲ್ಲೂ ಡೊಂಬಯ್ಯನ ಧ್ವನಿ. ಆ ವಾರವೇ ಉಪ್ಪಿನಂಗಡಿಯಲ್ಲಿ ಒಪ್ಪಿಕೊಂಡ ಭಾಷಣವೊಂದಿತ್ತು. ಅಲ್ಲಿ ಹೇಳಿಬಿಡುತ್ತೇನೆ, ಎಲ್ಲರೆದುರು ಹೇಳಿ ಹಗುರಾಗುತ್ತೇನೆ ಎಂದು ಹೊರಟರು. ಕಲಂದರ್ ದೋಣಿ ದಾಟಿಸಿದ. ಒಳ್ಳೆಯವನೇ, ಆದರೆ ಅವನಿಗೆ ಹೊಳೆಯೆಂದರೆ ನೀರು, ಅಷ್ಟೆ.

ಸಂಗಮದ ಹತ್ತಿರದ ಚಪ್ಪರದಲ್ಲಿ ಮುನ್ನೂರು ಜನ. ಭಟ್ಟರು ಶುರು ಮಾಡಿದರು. "ಒಂದೂರಲ್ಲಿ ಒಬ್ಬ ಭಾಷಣಕಾರ ಇದ್ದ." 'ನಾನು' ಎಂದೇ ಹೇಳಬೇಕೆಂದು ದಾರಿಯುದ್ದ ಅಂದುಕೊಂಡಿದ್ದರು. ಬಾಯಿಗೆ ಬಂದದ್ದು 'ಒಬ್ಬ'. ಮುಂದೆ ಹೋಗುತ್ತಾ ಸರಿ ಮಾಡೋಣವೆಂದರೆ ಕತೆ ತಾನಾಗಿ ಓಡಿತು. ಅಂಬಿಗ ಬಂದ, ಬೂದಿ ಬಂತು, ತಂಬಿಗೆ ಬಂತು. ಅಂಬಿಗ ಕೈ ಹಿಂದೆ ತೆಗೆದದ್ದನ್ನು ಭಟ್ಟರು ಮಾಡಿ ತೋರಿಸಿದಾಗ ಚಪ್ಪರದಲ್ಲಿ ಒಬ್ಬರೂ ಉಸಿರಾಡಲಿಲ್ಲ. ನಿಜವಾದ ಕಣ್ಣೀರೇ ಬಂತು ಅವರಿಗೆ. ಅದನ್ನು ಎಲ್ಲಿ ಒರೆಸಿದರೆ ಚಂದ ಎಂಬುದೂ ಗೊತ್ತಿತ್ತು, ಅದೇ ಹೇಸಿಗೆ.

ಚಪ್ಪಾಳೆಯೆಂದರೆ ಅಂಥ ಚಪ್ಪಾಳೆ ಹಿಂದೆ ಬಿದ್ದಿರಲಿಲ್ಲ. ಬಸ್ಸು ನಿಲ್ಲುವಲ್ಲಿ ಚಾದ ಅಂಗಡಿಯಿಟ್ಟ ಹಂಝ ಅವರ ಎರಡೂ ಕೈ ಹಿಡಿದುಕೊಂಡ.

"ಎಂತ ಮಾತು ಮಾರಾಯ್ರೆ ನಿಮ್ದು! ಆ ಭಾಷಣದವನು ನನ್ನ ಕೈಗೆ ಸಿಕ್ಕಿದ್ರೆ ಸಂಗಮದಲ್ಲಿ ಮುಳುಗಿಸಿ ತೆಗೀತಿದ್ದೆ. ಇರ್ಲಿ, ಚಾ ಕುಡೀರಿ, ನಿಮ್ಮ ಗಂಟಲು ಒಣಗಿರ್ತದೆ."

ಭಟ್ಟರು ಆ ಚಾ ಕುಡಿದರು. ಪುತ್ತೂರಿನಿಂದ ಬಂದಿದ್ದವರೊಬ್ಬರು ಇದೇ ಭಾಷಣ ನಮ್ಮಲ್ಲಿಯೂ ಆಗಬೇಕು, ತಂಬಿಗೆಯದ್ದೂ ಸೇರಿಸಿ, ಎಂದು ಹೇಳಿ ಬಿಡುವಿನ ದಿನ ಕೇಳಿದರು.

ಮರುದಿನ ಮನೆಗೆ ಬರುವಾಗ ಕಡವಿನ ದಾರಿ ಬಿಟ್ಟು ಡೊಂಬಯ್ಯನನ್ನು ಹುಡುಕಿಕೊಂಡು ಹೋದರು. ಅವನು ಯಾರದೋ ಗದ್ದೆಯ ಅಂಚಿಗೆ ಕಲ್ಲು ಹೊತ್ತು ಹಾಕುತ್ತಿದ್ದ. ಇವರನ್ನು ಕಂಡು ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ.

"ಉಪ್ಪಿನಂಗಡಿಯಲ್ಲಿ ಬಾರೀ ಆಯ್ತಂತೆ. ಬಸ್ಸಿನವರು ಹೇಳಿದ್ರು. ನನ್ನ ಕತೆ ಹೇಳಿದ್ರಂತೆ."

"ಹೇಳಿದೆ ಡೊಂಬಯ್ಯ."

"ಅಲ್ಲಿ ಹೇಳಿ ನನಗೆ ಎಂತ ಆಗ್ಬೇಕು ಭಟ್ರೆ? ಉಪ್ಪಿನಂಗಡಿಯವರು ನನ್ನ ದೋಣಿ ಹತ್ತುದಿಲ್ಲ."

ಅಷ್ಟೇ ಹೇಳಿ ಇನ್ನೊಂದು ಕಲ್ಲಿಗೆ ಬಗ್ಗಿದ. ಭಟ್ಟರು ಅಲ್ಲಿಂದ ಸೀದಾ ಪಟೇಲರ ಮನೆಗೆ ನಡೆದರು.

ಬೋಜಪ್ಪ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದರು. ಭಟ್ಟರು ಮೆಟ್ಟಿಲಲ್ಲಿ ನಿಂತು, "ಗೌಡ್ರೆ, ಮನುಷ್ಯನಿಗೂ ನದಿಗೂ ಇರುವ ಸಂಬಂಧ" ಎಂದು ಶುರು ಮಾಡಿದರು.

"ಭಾಷಣ ಬೇಡ ಭಟ್ರೆ. ಎಂತ ವಿಷಯ?"

"ಬೂದಿಯ ಸಂಗತಿ ಡೊಂಬಯ್ಯ ನನ್ನ ಹತ್ರ ಹೇಳಿದ್ದು. ನಾನು ಪಂಜದಲ್ಲಿ ಎಲ್ಲರೆದುರು ಹೇಳಿದ್ದು."

ಬೋಜಪ್ಪ ಚೆಂಬು ಕೆಳಗಿಟ್ಟರು. "ಆ ದಿವಸ ನೀವು ನನ್ನ ಮಣೆಯಲ್ಲೇ ಕೂತಿದ್ರಿ."

"ಹೌದು."

"ಕೇಳಿದವರಲ್ಲಿ ಹಾಕಿದ್ದು ಯಾರು?"

"ಹಾಕಿದ್ದು ಯಾರು ಅಂತ ನಾನು ಕಂಡಿಲ್ಲ. ಎಷ್ಟು ಬೇಕು ಅಂತ ಕೇಳಿದವನು ನಿಮ್ಮ ಅಚ್ಚುತ. ಉತ್ತರ ಕೊಟ್ಟವನು ನಾನು."

ಪಟೇಲರ ಮುಖ ಕಪ್ಪಿಟ್ಟಿತು. ಬೈಯುತ್ತಾರೆಂದು ಭಟ್ಟರು ಕಾದರು, ಬೈದಿದ್ದರೆ ಸುಖವಿತ್ತು. "ಆದಿತ್ಯವಾರ ಬನ್ನಿ, ಇದೇ ಮಾತು ನೀರು ಮುಟ್ಟಿ ಹೇಳಿ" ಎಂದು ಒಳಗೆ ಹೋದರು.

ಆದಿತ್ಯವಾರ ಅದೇ ಜಗಲಿ, ಅದೇ ಜನ. ಅಚ್ಚುತ ಬಂದಿರಲಿಲ್ಲ, ಮಡಿಕೇರಿಯ ಚಿಕ್ಕಮ್ಮನ ಮನೆಗೆ ಹೋದನೆಂದು ಯಾರೋ ಹೇಳಿದರು, ಯಾರೂ ಮುಂದೆ ಕೇಳಲಿಲ್ಲ. ಭಟ್ಟರು ನೀರು ಮುಟ್ಟಿದರು. ನಾಲ್ಕು ಮಾತು ಹೇಳುವುದರೊಳಗೆ ಮೂರು ಸಲ ತಡವರಿಸಿದರು, ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಗಿದ ಮೇಲೆ ಒಬ್ಬ ಮುದುಕ, "ಓದಿದವರಿಗೆ ಹೇಳ್ಬಾರ್ದು ಅಂತ ನನ್ನ ಅಜ್ಜ ಹೇಳ್ತಿದ್ದ" ಎಂದು ತುಳುವಿನಲ್ಲಿ ಗೊಣಗಿ ಅಂಗಳಕ್ಕೆ ಉಗಿದ. ಬೋಜಪ್ಪ ಜಲ್ಲೆಯನ್ನು ಡೊಂಬಯ್ಯನ ಕೈಗೆ ಕೊಟ್ಟರು. ಕಲಂದರ್, "ಒಳ್ಳೆದಾಯ್ತು ಮಾರಾಯ, ನನ್ನ ಭುಜ ಬಿದ್ದು ಹೋಗಿತ್ತು" ಎಂದು ನಕ್ಕ.

ಮನೆಗೆ ಹೋಗಲು ಭಟ್ಟರು ಹೊಳೆ ದಾಟಲೇಬೇಕಿತ್ತು. ದೋಣಿಯಲ್ಲಿ ಅವರಿಬ್ಬರೇ. ದೇವರ ಗುಂಡಿ ಮೇಲುಗಡೆ ಬರಿದಾಗಿ ಮಿನುಗುತ್ತಿತ್ತು. ನಡು ಹೊಳೆಯಲ್ಲಿ ಒಂದು ಸಣ್ಣ ಮೀನಿನ ಹಿಂಡು ಪ್ರವಾಹಕ್ಕೆ ಎದುರಾಗಿ ನಿಂತಿತ್ತು, ಬಾಲದಲ್ಲಿ ಕೆಂಪು ಚುಕ್ಕೆ. ಅಂಥದ್ದನ್ನು ಭಟ್ಟರು ಕಂಡಿರಲಿಲ್ಲ.

"ಇದು ಎಂತ ಮೀನು ಡೊಂಬಯ್ಯ?"

ಡೊಂಬಯ್ಯ ಬಗ್ಗಿ ನೋಡಿದ. ಒಂದು ಗಳಿಗೆ ಅವನ ಮುಖ ಅರಳಿದ್ದು ಭಟ್ಟರಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವನು ನೆಟ್ಟಗೆ ನಿಂತು ಜಲ್ಲೆ ಊರಿದ.

"ನನಗೆ ಗೊತ್ತಿಲ್ಲ ಭಟ್ರೆ."

ದೋಣಿ ದಡ ಮುಟ್ಟಿತು. ಇಳಿಯುವಾಗ ಕಾಲು ಜಾರಿದ ಭಟ್ಟರ ಮೊಣಕೈಯನ್ನು ಡೊಂಬಯ್ಯ ಹಿಡಿದ, ದೋಣಿಗೆ ಬಂದ ಯಾರನ್ನಾದರೂ ಹಿಡಿಯುವ ಹಾಗೆ, ಮತ್ತು ಬಿಟ್ಟ.